ರಾ ಫೈಲ್ ತೊಳೆಯಲು ಯಾವುದು ಒಳ್ಳೆಯದು

ಜನವರಿ 9

ಸೊಸೆಗೆ,

ಪ್ರಿಂಟಿನ ಚೀಲದಲ್ಲಿ ಪೆನ್ ಡ್ರೈವ್ ಜೊತೆ ಈ ಕಾಗದವನ್ನೂ ಇಟ್ಟಿದ್ದೇನೆ. ನಿಮ್ಮ ಫೋಟೋ ಲ್ಯಾಬಿನವರು ಬಿಲ್ ಎಂದುಕೊಂಡು ಎಲ್ಲಿಗೋ ಸೇರಿಸುವ ಮೊದಲು ನಿನ್ನ ಕೈಗೆ ಸಿಗಲಿ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ಕೇಳಿದ್ದು ಅದನ್ನು ಕೆಳಗಿಡುವಷ್ಟರಲ್ಲಿ ನನ್ನ ತಲೆಯಿಂದ ಜಾರಿಹೋಗುತ್ತದೆ. ನೀನು ಬರೆದು ಕಳಿಸಿದರೆ ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ವಿಷಯ ಇಷ್ಟು. ಸ್ಟುಡಿಯೋದ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ರಿಪೇರಿಯವನು ಬಿಚ್ಚಿದ, ಒಳಗಿನ ಧೂಳನ್ನು ಪೊರಕೆಯಲ್ಲಿ ಗುಡಿಸಿ ನನಗೇ ತೋರಿಸಿದ. "ಇದಕ್ಕೆ ಮೊದಲಿದ್ದ ಸಿಸ್ಟಮ್ ಇನ್ಮೇಲೆ ಭಾರ ಆಗುತ್ತೆ ಅಮ್ಮಾ. ಲಿನಕ್ಸ್ ಹಾಕಿಕೊಡ್ತೀನಿ, ಹಗುರ ಇದೆ" ಎಂದ. ಹಗುರವೇನೋ ನಿಜ, ಗುಂಡಿ ಒತ್ತಿದರೆ ಥಟ್ಟನೆ ಏಳುತ್ತದೆ. ಆದರೆ ನಾನು ತಿಂಗಳು ತಿಂಗಳು ಬಾಡಿಗೆ ಕಟ್ಟಿ ಬಳಸುತ್ತಿದ್ದ ಸಾಫ್ಟ್‌ವೇರ್ ಅದರಲ್ಲಿ ಓಡುವುದಿಲ್ಲವಂತೆ. ಇದನ್ನು ಅವನು ಹೇಳಿದ್ದು ಎಲ್ಲ ಮುಗಿಸಿ ಚೀಲ ಹೆಗಲಿಗೆ ಹಾಕಿಕೊಂಡ ಮೇಲೆ.

ಈಗ ಕ್ಯಾಮೆರಾದ ರಾ ಫೈಲುಗಳೆಲ್ಲ ತೊಳೆಯದ ರೋಲುಗಳ ಹಾಗೆ ಸುಮ್ಮನೆ ಕೂತಿವೆ. ಪಾಸ್‌ಪೋರ್ಟ್ ಫೋಟೋಗೆ ಜೆಪೆಗ್ ಸಾಕು. ಮದುವೆ, ಶಾಲೆಯ ನಾಟಕ, ಅರೆಗತ್ತಲೆಯ ಸಭಾಂಗಣ, ಇವಕ್ಕೆ ರಾ ಇಲ್ಲದೆ ನನಗಾಗುವುದಿಲ್ಲ. ನಿನಗೆ ಬಿಡಿಸಿ ಹೇಳಬೇಕಿಲ್ಲ, ನನ್ನ ಪಕ್ಕ ನಿಂತು ಲೈಟ್ ಹಿಡಿದವಳು ನೀನು.

ಮಗಳನ್ನು ಕೇಳಿದೆ. "ಅಮ್ಮಾ, ಅಂಗಡಿ ಮುಚ್ಚೋಕೆ ಇದಕ್ಕಿಂತ ಒಳ್ಳೆ ಸಮಯ ಸಿಗಲ್ಲ" ಎಂದಳು. ಮಗನನ್ನು ಕೇಳಿದೆ. "ನೋಡೋಣ" ಎಂದ. ನಾನು ಕೇಳಿದ್ದು ಲಿನಕ್ಸ್‌ನಲ್ಲಿ ರಾ ಫೈಲ್ ತೊಳೆಯಲು ಯಾವುದು ಒಳ್ಳೆಯದು ಎಂದು. ನೀನು ಹೇಳು.

ಇಬ್ಬರೂ ಆರೋಗ್ಯ ನೋಡಿಕೊಳ್ಳಿ. ರಸ್ತೆ ಅಳೆಯುವ ಕೆಲಸವೆಂದು ನಿನ್ನ ಗಂಡ ಟೋಪಿಯಿಲ್ಲದೆ ಬಿಸಿಲಲ್ಲಿ ಅಲೆಯುತ್ತಾನೆ. ನೀನಾದರೂ ಗದರಿಸು.

ನಿನ್ನ ಅತ್ತೆ


ಜನವರಿ 16

ಅತ್ತೆಗೆ,

ಕಾಗದ ಬಿಲ್ಲುಗಳಿಗೇ ಸೇರಿಹೋಗಿತ್ತು. ಲೆಕ್ಕ ಬರೆಯುವವಳು "ಇದ್ಯಾವ ಬಿಲ್ಲು ನೋಡಿ, ಟೋಪಿ ಹಾಕ್ಕೊಳ್ಳಿ ಅಂತ ಬರೆದಿದ್ದಾರೆ" ಎಂದು ತಂದುಕೊಟ್ಟಳು.

ರಿಪೇರಿಯವರು ಮಾಡಿದ್ದರಲ್ಲಿ ತಪ್ಪೇನಿಲ್ಲ. ನನ್ನ ಮನೆಯ ಲ್ಯಾಪ್‌ಟಾಪಿನಲ್ಲೂ ಲಿನಕ್ಸೇ ಇರುವುದು. ಅದರಲ್ಲಿ ರಾ ಫೈಲಿಗೆ ಮುಖ್ಯವಾಗಿ ಎರಡು ಸಾಫ್ಟ್‌ವೇರ್ ಇವೆ. ಒಂದು ಡಾರ್ಕ್‌ಟೇಬಲ್, ಇನ್ನೊಂದು ರಾ ಥೆರಪಿ. ಎರಡೂ ಉಚಿತ, ಬಾಡಿಗೆಯ ತಲೆನೋವಿಲ್ಲ. ಎರಡೂ ನಿಮ್ಮ ಮೂಲ ಫೈಲನ್ನು ಮುಟ್ಟುವುದಿಲ್ಲ. ನೀವು ಏನೇನು ತಿದ್ದಿದಿರಿ ಎನ್ನುವುದನ್ನಷ್ಟೇ ಪಕ್ಕದಲ್ಲಿ ಇನ್ನೊಂದು ಪುಟ್ಟ ಫೈಲಿನಲ್ಲಿ ಬರೆದಿಡುತ್ತವೆ. ಎಷ್ಟು ಸಲ ಕೆಡಿಸಿದರೂ ಮತ್ತೆ ಮೊದಲಿನಿಂದ ತೊಳೆಯಬಹುದು. ಫಿಲಂ ಕಾಲದಲ್ಲಿ ಈ ಭಾಗ್ಯ ಇರಲಿಲ್ಲ.

ನಾನು ಬಳಸುವುದು ಡಾರ್ಕ್‌ಟೇಬಲ್. ಮುಖಕ್ಕೆ ಮಾತ್ರ ಬೆಳಕು ಕೊಡಬೇಕು, ಹಿಂದಿನ ಗೋಡೆಗೆ ಬೇಡ ಎಂದರೆ ಮುಖದ ಸುತ್ತ ಗೆರೆ ಎಳೆದು ಅಷ್ಟನ್ನೇ ತಿದ್ದಬಹುದು. ಫೋಟೋಗಳನ್ನು ವಿಂಗಡಿಸಿ ಇಡುವುದಕ್ಕೂ ಅನುಕೂಲ. ಕಲಿಯಲು ಸ್ವಲ್ಪ ಸತಾಯಿಸುತ್ತದೆ. ರಾ ಥೆರಪಿಗೆ ಅಷ್ಟು ಹೊತ್ತು ಹಿಡಿಯುವುದಿಲ್ಲ, ಆದರೆ ನನಗೆ ಅದರ ಅಭ್ಯಾಸ ಕಡಿಮೆ. ಮೊದಲು ಡಾರ್ಕ್‌ಟೇಬಲ್ ಹಾಕಿಸಿ. ಒಂದೇ ಫೋಟೋ ನೋಡಿ ತೀರ್ಪು ಕೊಡಬೇಡಿ.

ಅವರು ಕ್ಯಾಂಪಿನಲ್ಲಿದ್ದಾರೆ. ನಾನು ಚೆನ್ನಾಗಿದ್ದೇನೆ.

ನಿಮ್ಮ ಸೊಸೆ


ಜನವರಿ 25

ಸೊಸೆಗೆ,

ಡಾರ್ಕ್‌ಟೇಬಲ್ ಹಾಕಿಸಿದೆ. ಹಾಕಿದವನೇ ತೆರೆದು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಬಲಗಡೆಯ ಪಟ್ಟಿ ಹಾರ್ಡ್‌ವೇರ್ ಅಂಗಡಿಯ ಗೋಡೆಯ ಹಾಗಿದೆ. ಎಲ್ಲಿ ನೋಡಿದರೂ ಡ್ರಾಯರು, ಎಲ್ಲದರಲ್ಲೂ ಏನೋ ಇದೆ, ನನಗೆ ಬೇಕಾದ ಮೊಳೆ ಯಾವುದರಲ್ಲಿದೆ ಎನ್ನುವುದು ಅಂಗಡಿಯವನಿಗೇ ಗೊತ್ತು.

ಮೊದಲ ಫೋಟೋ ತೆರೆದೆ. ಕ್ಯಾಮೆರಾದ ಹಿಂಬದಿಯಲ್ಲಿ ನೋಡಿದಾಗ ಮದುಮಗಳು ಮದುಮಗಳ ಹಾಗೇ ಇದ್ದಳು. ಇದರಲ್ಲಿ ನೋಡಿದರೆ ವಾರವಿಡೀ ಜ್ವರದಲ್ಲಿ ಮಲಗಿ ಎದ್ದು ಬಂದವಳ ಹಾಗಿದ್ದಾಳೆ. ಪಕ್ಕದಂಗಡಿಯ ಟೈಲರ್ ಇಣುಕಿ ನೋಡಿ "ಯಾಕೆ, ಹುಡುಗಿಗೆ ಒಪ್ಪಿಗೆ ಇರ್ಲಿಲ್ವಾ?" ಎಂದು ಕೇಳಿದ.

ಇನ್ನೊಂದು ತೊಂದರೆ. ಹಳೆಯ ಕ್ಯಾಮೆರಾದ ಫೈಲುಗಳು ತೆರೆಯುತ್ತವೆ. ಹೋದ ವರ್ಷ ಕೊಂಡ ಹೊಸ ಕ್ಯಾಮೆರಾದ್ದು ತೆರೆಯುವುದೇ ಇಲ್ಲ. ಚಿಕ್ಕ ಚಿತ್ರ ಕಾಣುತ್ತದೆ, ಅದನ್ನು ಒತ್ತಿದರೆ ಈ ಕ್ಯಾಮೆರಾದ ಪರಿಚಯವಿಲ್ಲ ಎನ್ನುತ್ತದೆ. ಮನೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ನೀವು ಯಾರು ಎಂದು ಕೇಳಿದ ಹಾಗೆ.

ಮುಂದಿನ ಭಾನುವಾರ ಮಗ ಬರುತ್ತಾನಂತೆ, ಏನೋ ಮಾತಾಡಬೇಕಂತೆ. ಅಂಗಡಿ ಮುಚ್ಚುವ ವಿಷಯವೇ ಇರಬೇಕು, ಅವನ ತಂಗಿ ಕಿವಿ ಊದಿದ್ದಾಳೆ. ನೀನೂ ಜೊತೆಗೆ ಬಾ. ನೀಲಿ ಪರದೆ ಹರಿದಿದೆ, ಹೊಸದರ ಬಣ್ಣ ನೀನು ಆರಿಸಿದರೆ ನನಗೆ ಸಮಾಧಾನ.

ನಿನ್ನ ಅತ್ತೆ


ಜನವರಿ 30

ಅತ್ತೆಗೆ,

ಬರಲು ಆಗುವುದಿಲ್ಲ. ಲ್ಯಾಬಿನಲ್ಲಿ ಆಲ್ಬಮ್ಮುಗಳ ರಾಶಿ ಬಿದ್ದಿದೆ.

ಹೊಸ ಕ್ಯಾಮೆರಾದ ಫೈಲಿಗೆ ಹೊಸ ವರ್ಷನ್ ಬೇಕು. ರಿಪೇರಿಯವರು ಹಾಕಿದ್ದು ಹಳೆಯದು, ನಿಮ್ಮ ಕ್ಯಾಮೆರಾ ಮಾರುಕಟ್ಟೆಗೆ ಬರುವ ಮೊದಲಿನದು. ಹೊಸತು ಒಂದೇ ಫೈಲಿನ ರೂಪದಲ್ಲೂ ಸಿಗುತ್ತದೆ. ಡೌನ್‌ಲೋಡ್ ಮಾಡಿ ಹಾಗೇ ಓಡಿಸಬಹುದು. ಪೆನ್ ಡ್ರೈವಿನಲ್ಲಿ ಎರಡು ಸಾಫ್ಟ್‌ವೇರಿನದ್ದೂ ಹಾಕಿದ್ದೇನೆ.

ಮದುಮಗಳಿಗೆ ಜ್ವರವಿಲ್ಲ. ರಾ ಫೈಲ್ ಎಂದರೆ ಹಸಿ ತರಕಾರಿ. ಕ್ಯಾಮೆರಾದ ಹಿಂಬದಿಯಲ್ಲಿ ಕಾಣುವುದು ಕ್ಯಾಮೆರಾ ತಾನೇ ಬೇಯಿಸಿ ಬಡಿಸಿದ್ದು. ಇಲ್ಲಿ ಒಲೆ ಹಚ್ಚುವವರು ನೀವು.

ಅವರು ಹೇಳುವುದನ್ನು ಸಮಾಧಾನದಿಂದ ಕೇಳಿ. ಯಾರ ಮೇಲೂ ಕೋಪ ಮಾಡಿಕೊಳ್ಳಬೇಡಿ.


ಫೆಬ್ರವರಿ 11

ಸೊಸೆಗೆ,

ನೀನು ಕಳಿಸಿದ್ದು ಓಡಿತು. ಹೊಸ ಕ್ಯಾಮೆರಾದ ಫೈಲುಗಳೂ ತೆರೆಯುತ್ತವೆ. ಮಗ ಬಂದು ಹೋದ.

ಕೆಲವು ಅನುಮಾನಗಳಿವೆ. ವೈಟ್ ಬ್ಯಾಲೆನ್ಸ್ ಎಂದರೆ ಯಾವುದನ್ನು ಎಳೆಯಬೇಕು? ಮುಖ ಹಳದಿಯಾಗಿದ್ದರೆ ಎಡಕ್ಕೋ ಬಲಕ್ಕೋ? ಬೆಳಕು ಹೆಚ್ಚಿಸುವುದು ಎಲ್ಲಿ? ಬಿಡಿಸಿ ಬರೆ. ಅವಸರವಿಲ್ಲ. ಎಷ್ಟು ಉದ್ದವಾದರೂ ಸರಿ, ಓದಲು ನನಗೆ ಪುರುಸೊತ್ತಿದೆ.

ಕಾಗದದ ಕೊನೆಗೆ ನೀನು ಏನೂ ಬರೆಯಲಿಲ್ಲ. ಪೆನ್ನಿನಲ್ಲಿ ಶಾಯಿ ಮುಗಿದಿತ್ತೇನೋ.

ಬೇರೆ ಏನಾದರೂ ಹೇಳುವುದಿದ್ದರೆ ಅದನ್ನೂ ಬರೆ.

ನಿನ್ನ ಅತ್ತೆ


ಫೆಬ್ರವರಿ 19

ಅತ್ತೆಗೆ,

ಬೇರೆ ಹೇಳುವುದೇನಿಲ್ಲ. ಕೆಲಸ ಜಾಸ್ತಿ, ಅಷ್ಟೇ.

ವೈಟ್ ಬ್ಯಾಲೆನ್ಸ್: ಮುಖ ಹಳದಿಯಾಗಿದ್ದರೆ ಕಡ್ಡಿಯನ್ನು ನೀಲಿ ಕಡೆಗೆ ಎಳೆಯಿರಿ. ಫೋಟೋದಲ್ಲಿ ಬಿಳಿಯದೋ ಬೂದು ಬಣ್ಣದ್ದೋ ಏನಾದರೂ ಇದ್ದರೆ, ಡ್ರಾಪರಿನ ಗುರುತು ಒತ್ತಿ ಅದರ ಮೇಲೆ ಕ್ಲಿಕ್ ಮಾಡಿ. ಉಳಿದದ್ದನ್ನು ಅದೇ ಸರಿಮಾಡುತ್ತದೆ. ಬೆಳಕಿಗೆ ಎಕ್ಸ್‌ಪೋಷರ್ ಎಂಬುದಿದೆ. ಬಲಕ್ಕೆ ಎಳೆದರೆ ಹೆಚ್ಚು, ಎಡಕ್ಕೆ ಕಡಿಮೆ. ಮೊದಲು ಎಕ್ಸ್‌ಪೋಷರ್, ಆಮೇಲೆ ಬಣ್ಣ, ಕೊನೆಗೆ ಚುಕ್ಕೆ ತೆಗೆಯುವುದು. ಈ ಕ್ರಮ ಬಿಡಬೇಡಿ.

ಅತ್ತೆ, ತಪ್ಪು ತಿಳಿಯಬೇಡಿ. ಇವೆಲ್ಲ ನಿಮ್ಮ ಹಳೆಯ ಸಾಫ್ಟ್‌ವೇರಿನಲ್ಲೂ ಇದ್ದವೇ. ನೀವೇ ನನಗೆ ಹೇಳಿಕೊಟ್ಟಿದ್ದು. ಈಗ ನೀವು ಕೇಳುವುದನ್ನು ನೋಡಿದರೆ ಸುಸ್ತಾಗಿದ್ದೀರೇನೋ ಅನ್ನಿಸುತ್ತದೆ. ಮಗಳು ಹೇಳುವುದನ್ನು ಒಮ್ಮೆ ಯೋಚಿಸಬಹುದಲ್ಲವೇ? ಅಂಗಡಿ ಪೂರ್ತಿ ಮುಚ್ಚಬೇಕೆಂದಲ್ಲ. ಪಾಸ್‌ಪೋರ್ಟ್ ಫೋಟೋ ಮಾತ್ರ ಇಟ್ಟುಕೊಂಡರೆ ರಾ ಫೈಲಿನ ಗೊಡವೆಯೇ ಇರುವುದಿಲ್ಲ.


ಫೆಬ್ರವರಿ 26

ಲ್ಯಾಬಿಗೆ,

ಪೆನ್ ಡ್ರೈವಿನಲ್ಲಿ ಶಾಲೆಯ ನಾಟಕದ ಫೋಲ್ಡರ್ ಇದೆ. ಎಲ್ಲವೂ ಎಂಟು-ಹತ್ತು ಅಳತೆ, ಮ್ಯಾಟ್ ಕಾಗದ. ಬಣ್ಣ ತಿದ್ದುವುದು ಬೇಡ. ಇದ್ದ ಹಾಗೇ ಹಾಕಿ.

ಸ್ಟುಡಿಯೋ


ಮಾರ್ಚ್ 15

ಅತ್ತೆಗೆ,

ನಾಟಕದ ಪ್ರಿಂಟುಗಳು ಈ ಚೀಲದಲ್ಲಿವೆ. ಕಾಗದ ಬರೆಯಲು ತಡವಾಯಿತು. ನಿಜ ಹೇಳಬೇಕೆಂದರೆ ನಿಮ್ಮ ಹಿಂದಿನ ಚೀಟಿ ನೋಡಿದ ಮೇಲೆ ಏನು ಬರೆಯಬೇಕೆಂದು ತೋಚಲಿಲ್ಲ. ಆ ಮಾತನ್ನು ನಾನು ಆಡಬಾರದಿತ್ತು.

ತಿದ್ದಬೇಡಿ ಎಂದಿದ್ದಿರಿ, ತಿದ್ದಲಿಲ್ಲ. ಮೊದಲ ಪ್ರಿಂಟನ್ನು ದೀಪದ ಕೆಳಗೆ ಹಿಡಿದವಳು ಹಾಗೇ ನಿಂತುಬಿಟ್ಟೆ. ರಂಗದ ತುಂಬ ಕೆಂಪು ಲೈಟು, ಆದರೂ ಮಕ್ಕಳ ಮುಖದ ಬಣ್ಣ ಮುಖದ ಬಣ್ಣವಾಗಿಯೇ ಉಳಿದಿದೆ. ಕತ್ತಲಲ್ಲಿ ತೆಗೆದ ಫೋಟೋದ ಚುಕ್ಕೆಗಳೆಲ್ಲ ಹೋಗಿವೆ, ಆದರೆ ರಾಜನ ಗಡ್ಡದ ಹತ್ತಿಯ ಎಳೆ ಒಂದೂ ಹೋಗಿಲ್ಲ. ಹಿಂದಿನ ಸಾಲಿನಲ್ಲಿ ಮರದ ವೇಷ ಹಾಕಿ ಆಕಳಿಸುತ್ತಿರುವ ಮಗು ಕೂಡ ಕಾಣುತ್ತದೆ. ನಮ್ಮ ಒಡೆಯರು ಕನ್ನಡಕ ಏರಿಸಿ ನೋಡಿ "ಇದ್ಯಾರ ಕೈ?" ಎಂದು ಕೇಳಿದರು. ನನಗೂ ಅದೇ ಪ್ರಶ್ನೆ. ವೈಟ್ ಬ್ಯಾಲೆನ್ಸ್ ಎಡಕ್ಕೋ ಬಲಕ್ಕೋ ಎಂದು ಕೇಳುವವರ ಕೈ ಅಲ್ಲ ಇದು. ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡಿದ್ದೀರಾ?


ಮಾರ್ಚ್ 22

ಸೊಸೆಗೆ,

ಯಾರನ್ನೂ ಇಟ್ಟುಕೊಂಡಿಲ್ಲ. ನಾನೇ ಮಾಡಿದ್ದು. ನಿನ್ನ ಡಾರ್ಕ್‌ಟೇಬಲ್‌ನಲ್ಲಿ ಅಲ್ಲ, ರಾ ಥೆರಪಿಯಲ್ಲಿ. ನೀನು ಎರಡನ್ನೂ ಕಳಿಸಿದ್ದೆಯಲ್ಲ, ಎರಡರಲ್ಲೂ ಒಂದೇ ಫೋಟೋ ತೊಳೆದು ನೋಡಿದೆ. ನಿನ್ನದು ದೊಡ್ಡದು, ಒಪ್ಪಿದೆ. ಆದರೆ ರಾ ಥೆರಪಿಯಲ್ಲಿ ಫೋಟೋ ತೆರೆದ ಕೂಡಲೇ ಕ್ಯಾಮೆರಾ ತೋರಿಸಿದ್ದಕ್ಕೆ ಹತ್ತಿರ ಇರುತ್ತದೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತು. ನಿನ್ನದರಲ್ಲಿ ಮೊದಲು ಮನೆಗೆ ತಲುಪಿ, ಆಮೇಲೆ ಹೊರಡಬೇಕು. ಹಾಗಾಗಿ ನನ್ನ ಮಟ್ಟಿಗೆ ಅದು ತೀರ್ಮಾನವಾಯಿತು.

ಫೆಬ್ರವರಿಯ ಮೊದಲ ವಾರಕ್ಕೇ ಕೈ ಕೂತಿತ್ತು. ಮತ್ತೆ ಯಾಕೆ ಕೇಳಿದೆ ಎಂದರೆ, ನಿನ್ನನ್ನು ಕೇಳಲು ನನ್ನ ಬಳಿ ಬೇರೆ ಏನೂ ಇರಲಿಲ್ಲ.

ಈಗ ನಿಜವಾಗಿಯೂ ಗೊತ್ತಿಲ್ಲದ್ದನ್ನು ಕೇಳುತ್ತೇನೆ. ಒಂದು ಮನೆಯವರ ಗುಂಪಿನ ಫೋಟೋ ಇದೆ. ಅದರಲ್ಲಿ ಒಬ್ಬರನ್ನು ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಬೇಕಂತೆ. ರಾ ಥೆರಪಿಯಲ್ಲಿ ಅದಾಗುತ್ತದೆಯೇ?

ನಿನ್ನ ಅತ್ತೆ


ಮಾರ್ಚ್ 29

ಅತ್ತೆಗೆ,

ಕೇಳಲು ಬೇರೆ ಏನೂ ಇರಲಿಲ್ಲ ಎಂದು ನೀವು ಬರೆದ ಸಾಲನ್ನು ನಾಲ್ಕು ಸಲ ಓದಿದೆ. ಅದಕ್ಕೆ ಉತ್ತರ ಆಮೇಲೆ ಬರೆಯುತ್ತೇನೆ. ಮೊದಲು ಕೆಲಸದ ಮಾತು.

ಆಗುವುದಿಲ್ಲ. ರಾ ಥೆರಪಿಯಾಗಲಿ ಡಾರ್ಕ್‌ಟೇಬಲ್ ಆಗಲಿ ಬೆಳಕು, ಬಣ್ಣಕ್ಕೆ ಇರುವುದು. ಸಣ್ಣ ಕಲೆ ತೆಗೆಯಬಹುದು, ಮನುಷ್ಯರನ್ನಲ್ಲ. ಅದಕ್ಕೆ ಗಿಂಪ್ ಎಂಬುದಿದೆ, ಅದೂ ಲಿನಕ್ಸ್‌ನಲ್ಲಿ ಸಿಗುತ್ತದೆ. ರಾ ಫೈಲನ್ನು ಮೊದಲು ನಿಮ್ಮದರಲ್ಲಿ ತೊಳೆದು, ಆಮೇಲೆ ಗಿಂಪ್‌ಗೆ ಒಯ್ಯಬೇಕು. ಅದೇ ಜಾಗದಲ್ಲಿ ತೆಗೆದ ಬೇರೆ ಫ್ರೇಮುಗಳಿದ್ದರೆ ಒಳ್ಳೆಯದು, ಹಿಂದಿನ ಪರದೆಯನ್ನು ಅವುಗಳಿಂದ ಎರವಲು ತರಬಹುದು. ಪಕ್ಕಕ್ಕೆ ನಿಂತವರಾದರೆ ಸುಲಭ. ನಡುವೆ ನಿಂತು ಯಾರನ್ನಾದರೂ ಮುಟ್ಟಿಕೊಂಡಿದ್ದರೆ ಕಷ್ಟ.

ಸಾಮಾನ್ಯವಾಗಿ ಜನ ಸತ್ತವರನ್ನು ಸೇರಿಸಲು ಬರುತ್ತಾರೆ. ಇವರು ತೆಗೆಯುತ್ತಿರುವುದು ಯಾರನ್ನು?


ಏಪ್ರಿಲ್ 6

ನೋಡು,

ಅದು ನೀನು.

ಮಗಳ ಮಗು ಹುಟ್ಟಿದ ವರ್ಷ ನಮ್ಮ ಸ್ಟುಡಿಯೋದಲ್ಲೇ ಟೈಮರ್ ಇಟ್ಟು ತೆಗೆದ ಫೋಟೋ. ಮಗಳು ಹೊಸ ಮನೆ ಮಾಡಿದ್ದಾಳೆ, ನಡುಮನೆಯ ಗೋಡೆಗೆ ಅದು ಬೇಕಂತೆ. ಕೌಂಟರಿನ ಮೇಲೆ ಮೊಣಕೈ ಊರಿ ಕೂತು ಹೇಳಿದಳು.

"ಅಮ್ಮಾ, ಅತ್ತಿಗೇನ ತೆಗೆದು ಪ್ರಿಂಟ್ ಹಾಕ್ಸು."

"ಯಾಕೆ?"

"ಯಾಕೆ ಅಂತ ನೀನೇ ಕೇಳ್ತೀಯಲ್ಲ. ಬಂದೋರೆಲ್ಲ ಇವರ್ಯಾರು ಅಂತಾರೆ. ನಾನು ಒಬ್ಬೊಬ್ಬರಿಗೂ ಕಥೆ ಹೇಳ್ತಾ ಕೂರ್ಲಾ?"

"ಅತ್ತಿಗೆ ಅನ್ನು. ಕಥೆ ಮುಗೀತು."

"ಇನ್ನೆಷ್ಟು ದಿನ ಅನ್ನಲಿ, ಹೇಳು."

ಅವಳು ಕೆಟ್ಟವಳಲ್ಲ. ಅಣ್ಣನ ಪರ ನಿಲ್ಲಲು ಅವಳಿಗೆ ಗೊತ್ತಿರುವ ದಾರಿ ಅದು.

ಮಗ ಆ ಭಾನುವಾರ ಬಂದವನು ಅಂಗಡಿಯ ಮಾತೇ ಎತ್ತಲಿಲ್ಲ. ಪಾಸ್‌ಪೋರ್ಟ್ ಫೋಟೋದ ಸ್ಟೂಲಿನ ಮೇಲೆ ಕೂತು, ಕ್ಯಾಮೆರಾ ಇರುವ ಕಡೆಗೇ ನೋಡುತ್ತ, "ಅಮ್ಮಾ, ನಾವು ಬೇರೆ ಆಗಿದ್ದೀವಿ" ಎಂದ. ಯಾವಾಗಿನಿಂದ ಎಂದೆ. ಮಳೆಗಾಲದಿಂದ ಎಂದ. ಜಗಳವಾಡಿದಿರಾ ಎಂದು ಕೇಳಿದೆ. "ಜಗಳ ಆಡೋಕೂ ಇಬ್ಬರು ಒಂದೇ ಊರಲ್ಲಿ ಇರ್ಬೇಕಲ್ಲಮ್ಮಾ" ಎಂದ. ಹೋಗುವಾಗ ಬಾಗಿಲಲ್ಲಿ ನಿಂತು "ಅವಳದ್ದೇನೂ ತಪ್ಪಿಲ್ಲ" ಎಂದದ್ದನ್ನೂ ನಿನಗೆ ತಿಳಿಸಬೇಕು.

ನಿನ್ನ ಕಾಗದದಲ್ಲಿ ಈ ವಿಷಯ ಬರುತ್ತದೆ ಎಂದು ಕಾದೆ. ಬಂದದ್ದು ವೈಟ್ ಬ್ಯಾಲೆನ್ಸ್. ಆಮೇಲೆ ಅಂಗಡಿ ಚಿಕ್ಕದು ಮಾಡಿ ಎಂಬ ಸಲಹೆ. ನನ್ನಿಂದ ಬಿಡಿಸಿಕೊಳ್ಳಲು ದಾರಿ ಹುಡುಕುತ್ತಿದ್ದೀಯ ಎಂದುಕೊಂಡೆ. ಅದಕ್ಕೇ ಲ್ಯಾಬಿಗೆ ಎಂದು ಬರೆದೆ.

ಫೈಲ್ ತೆರೆದು ನೋಡಿದ್ದೇನೆ. ನೀನು ನನ್ನ ಹಿಂದೆ ನಿಂತಿದ್ದೀಯ, ನಿನ್ನ ಕೈ ನನ್ನ ಭುಜದ ಮೇಲಿದೆ. ನಿನ್ನನ್ನು ತೆಗೆದರೆ ನನ್ನ ಭುಜವನ್ನೂ ಹೊಸದಾಗಿ ಬರೆಯಬೇಕು. ನನ್ನ ಕೈಯಲ್ಲಿ ಅದಾಗುವುದಿಲ್ಲ. ಗಿಂಪ್ ಬರುವುದಿಲ್ಲ ಎಂದಲ್ಲ.


ಏಪ್ರಿಲ್ 12

ಅತ್ತೆಗೆ,

"ಅಮ್ಮಂಗೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ" ಎಂದು ಅವರು ಕೇಳಿಕೊಂಡಿದ್ದರು. ಒಪ್ಪಿದ್ದೆ. ಆ ಭಾನುವಾರ ಹೇಳುತ್ತಾರೆ ಎಂದು ಗೊತ್ತಿತ್ತು. ಅದಕ್ಕೇ ಸಮಾಧಾನದಿಂದ ಕೇಳಿ ಎಂದು ಬರೆದೆ. ಆಮೇಲೆ ಬಂದ ನಿಮ್ಮ ಕಾಗದದಲ್ಲಿ ಆ ಮಾತೇ ಇರಲಿಲ್ಲ. ಮಗ ಬಂದು ಹೋದ ಎಂದಷ್ಟೇ ಇತ್ತು. ಬಾಯಿ ಬರದೆ ಹಾಗೇ ವಾಪಸ್ ಹೋದರು ಎಂದುಕೊಂಡೆ, ಅವರ ಸ್ವಭಾವ ನನಗೆ ಗೊತ್ತು. ಅವರು ಹೇಳಲು ಬರುತ್ತಾರೆ ಎಂದು ಗೊತ್ತಾದಾಗಿನಿಂದಲೇ ಸೊಸೆ ಎಂದು ಸಹಿ ಹಾಕಲು ಕೈ ಏಳಲಿಲ್ಲ, ಸುಳ್ಳಾಗುತ್ತಿತ್ತು. ಶಾಯಿ ಮುಗಿದದ್ದಲ್ಲ.

ನಿಮಗೆ ಕಾರಣ ಹೇಳಬೇಕು. ಅವರ ಕೆಲಸಕ್ಕೆ ಒಂದು ಊರು ಅಂತಿಲ್ಲ, ರಸ್ತೆ ಹೋದ ಕಡೆ ಕ್ಯಾಂಪ್ ಹೋಗುತ್ತದೆ. ಮೊದಮೊದಲು ನಾನೂ ಹೋದೆ. ತಗಡಿನ ಮನೆ, ಸುತ್ತ ಮಣ್ಣಿನ ಗುಡ್ಡೆ, ಬೆಳಗ್ಗೆ ಹೋದವರು ಬರುವವರೆಗೆ ಮಾತಾಡಲು ಯಾರೂ ಇಲ್ಲ. ಲ್ಯಾಬಿನ ಕೆಲಸ ಸಿಕ್ಕ ಮೇಲೆ ಇಲ್ಲೇ ಉಳಿದೆ. ಮತ್ತೆ ಕ್ಯಾಂಪ್ ಬದಲಾದಾಗ "ಬರ್ತೀಯಾ?" ಎಂದರು. ಬರಲ್ಲ ಎಂದೆ. ಅವರು ಸಿಟ್ಟಾಗಿದ್ದರೆ ನಾನೂ ಸಿಟ್ಟಾಗುತ್ತಿದ್ದೆ, ಹೇಗೋ ಸರಿಹೋಗುತ್ತಿತ್ತೋ ಏನೋ. "ಸರಿ" ಎಂದು ಪೆಟ್ಟಿಗೆ ಕಟ್ಟಿಕೊಂಡರು. ಆಮೇಲೆ ಫೋನ್ ಕಡಿಮೆಯಾಯಿತು. ಒಂದು ದಿನ ಇಬ್ಬರಿಗೂ ಹೇಳಲು ಏನೂ ಉಳಿದಿರಲಿಲ್ಲ.

ನಿಮ್ಮಿಂದ ಬಿಡಿಸಿಕೊಳ್ಳಲು ನಾನು ದಾರಿ ಹುಡುಕಲಿಲ್ಲ. ನೀವು ಕೇಳುವುದು ನಿಲ್ಲಿಸಿದ ದಿನ ನನಗೆ ನಿಮ್ಮ ಮನೆಯಲ್ಲಿ ಯಾರೂ ಉಳಿಯುವುದಿಲ್ಲ ಎಂದು ನನಗೂ ಅನ್ನಿಸುತ್ತಿತ್ತು.

ಫೋಟೋದ ವಿಷಯ. ಮಗಳ ಜೊತೆ ಜಗಳ ಬೇಡ. ಅದು ಅವಳ ಮನೆಯ ಗೋಡೆ. ರಾ ಫೈಲುಗಳನ್ನೂ ಆ ದಿನದ ಉಳಿದ ಫ್ರೇಮುಗಳನ್ನೂ ಕಳಿಸಿ. ನಾನೇ ತೆಗೆದುಕೊಡುತ್ತೇನೆ. ಬೇರೆ ಯಾರಾದರೂ ಮಾಡಿದರೆ ನಿಮ್ಮ ಭುಜ ಕೆಡಿಸುತ್ತಾರೆ.


ಏಪ್ರಿಲ್ 27

ನೋಡು,

ಪ್ರಿಂಟ್ ಬಂತು. ಬಿಚ್ಚುವಾಗ ಅಂಗಡಿಯ ಬಾಗಿಲು ಹಾಕಿಕೊಂಡೆ.

ಭೂತಗನ್ನಡಿ ಹಿಡಿದು ನೋಡಿದೆ. ಪರದೆಯ ಮಡಿಕೆ ತಪ್ಪಿಲ್ಲ, ನೆರಳು ತಪ್ಪಿಲ್ಲ. ನನ್ನ ಸೆರಗಿನ ಅಂಚು ಭುಜದ ಮೇಲೆ ಹೇಗೆ ತಿರುಗಬೇಕೋ ಹಾಗೇ ತಿರುಗಿದೆ. ಅಲ್ಲಿ ಯಾರೋ ನಿಂತಿದ್ದರು ಎಂದು ದೇವರಾಣೆಗೂ ಗೊತ್ತಾಗುವುದಿಲ್ಲ. ಮಗಳು ಗೋಡೆಗೆ ಹಾಕಿ, ದೂರ ನಿಂತು ನೋಡಿ, "ಯಾರು ಮಾಡಿದ್ದಮ್ಮಾ, ಎಷ್ಟು ನೀಟಾಗಿದೆ" ಎಂದಳು. ನಿನ್ನ ಅತ್ತಿಗೆ ಎಂದೆ. ಅವಳು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತ ನಿಂತಳು. ನಲ್ಲಿ ಸುಮ್ಮನೆ ಹರಿಯುತ್ತಿತ್ತು.

ಆ ಕೆಲಸ ನಿನ್ನಿಂದ ಮಾಡಿಸಬಾರದಿತ್ತು. ಆದರೆ ಮಾಡಿದ್ದನ್ನು ನೋಡಿದ ಮೇಲೆ ಒಂದು ಮಾತು ಕೇಳದೆ ಇರಲಾರೆ. ನಾಟಕದ ಫೋಟೋ ನೋಡಿ ಆ ಶಾಲೆಯವರು ವರ್ಷದ ಎಲ್ಲ ಕೆಲಸವನ್ನೂ ನನಗೇ ಕೊಡುತ್ತಾರಂತೆ. ಅವರ ಇನ್ನೊಂದು ಶಾಲೆಯದ್ದೂ. ತೆಗೆಯುವುದು ನನಗೆ ಆಗುತ್ತದೆ. ಅಷ್ಟೊಂದು ಫೈಲ್ ತೊಳೆಯುವುದು ಒಬ್ಬಳಿಂದ ಆಗದು. ನಾನು ತೆಗೆದು ಕಳಿಸುತ್ತೇನೆ, ನೀನು ಅಲ್ಲಿಂದ ತೊಳೆದು ಕಳಿಸು. ಬಂದದ್ದರಲ್ಲಿ ಇಬ್ಬರಿಗೂ ಸಮ. ಮನೆಯವಳೆಂದು ಕರೆಯುತ್ತಿಲ್ಲ, ಕೈ ನೋಡಿ ಕರೆಯುತ್ತಿದ್ದೇನೆ.

ಒಂದೇ ಷರತ್ತು. ಡಾರ್ಕ್‌ಟೇಬಲ್ ಅಲ್ಲ, ರಾ ಥೆರಪಿ.


ಮೇ 4

ಅತ್ತೆಗೆ,

ಆಗುವುದಿಲ್ಲ ಎಂದು ಬರೆಯಲು ಕೂತೆ. ಕಾರಣಗಳನ್ನು ಬರೆಯುತ್ತೇನೆ, ನೀವೇ ನೋಡಿ.

ಜೂನಿನಲ್ಲಿ ಕೋರ್ಟಿನ ಕೆಲಸ ಮುಗಿಯುತ್ತದೆ. ಆಮೇಲೂ ನಾನು ನಿಮ್ಮ ಅಂಗಡಿಯ ಕೆಲಸ ಮಾಡುತ್ತಿದ್ದರೆ ಜನ ಆಡಿಕೊಳ್ಳುತ್ತಾರೆ. ನನಗೆ ಅದು ದೊಡ್ಡದಲ್ಲ, ನಿಮ್ಮ ಮಕ್ಕಳಿಗೆ ಮುಜುಗರ. ಅವರು ಇನ್ನೊಂದು ಮದುವೆಯಾಗಬಹುದು, ಆಗಲಿ ಎಂದೇ ನನ್ನ ಆಸೆ. ನಿಮ್ಮ ಮನೆಗೆ ಇನ್ನೊಬ್ಬ ಸೊಸೆ ಬಂದರೆ ಅವಳ ಎದುರು ನಾನು ಏನು? ಅವಳಿಗೆ ಹೇಗನ್ನಿಸಬೇಕು?

ಇನ್ನು ಡಾರ್ಕ್‌ಟೇಬಲ್‌ನಲ್ಲಿ ನನ್ನ ಕೈ ಕೂತಿದೆ. ಹೊಸದು ಕಲಿಯುವ ಉತ್ಸಾಹ ನನಗಿಲ್ಲ.


ಮೇ 11

ನೋಡು,

ಜನ ಆಡಿಕೊಂಡರೆ ಆಡಿಕೊಳ್ಳಲಿ. ನಾನು ಸ್ಟುಡಿಯೋ ತೆರೆದಾಗಲೂ ಆಡಿಕೊಂಡರು, ಆಮೇಲೆ ಅವರೇ ಬಂದು ತಲೆ ಬಾಚಿಕೊಂಡು ಸ್ಟೂಲಿನ ಮೇಲೆ ಕೂತರು. ಮಗನನ್ನು ಕೇಳಿದೆ. "ನಿಮ್ಮಿಬ್ಬರ ಕೆಲಸ, ನನ್ನನ್ಯಾಕೆ ಕೇಳ್ತೀಯ" ಎಂದ. ಮಗಳನ್ನು ಕೇಳಲಿಲ್ಲ, ಅವಳೇ "ಅತ್ತಿಗೆ ಒಪ್ಪಿದ್ರಾ?" ಎಂದು ಎರಡು ಸಲ ಕೇಳಿದಳು.

ಇನ್ನೊಬ್ಬಳು ಬರುವುದಾದರೆ ಬರಲಿ. ಅವಳು ಸೊಸೆಯಾಗುತ್ತಾಳೆ. ನಿನಗೆ ಆ ಕೆಲಸ ಇನ್ನಿಲ್ಲ. ಈ ಕೆಲಸ ಇದೆ.

ಅಂಗಡಿ ಮುಚ್ಚು ಎಂದು ಎಲ್ಲರೂ ಹೇಳುತ್ತಿದ್ದ ಹೊತ್ತಿನಲ್ಲಿ ನನ್ನ ಪ್ರಶ್ನೆಗೆ ಪ್ರಶ್ನೆಯೆಂದೇ ಉತ್ತರ ಕೊಟ್ಟವಳು ನೀನೊಬ್ಬಳು. ಅದು ಸೊಸೆ ಎಂದು ಕೊಟ್ಟದ್ದಲ್ಲ ಎಂದು ಈಗ ನನಗೆ ಗೊತ್ತು.

ಡಾರ್ಕ್‌ಟೇಬಲ್ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ನೀನು ತಿದ್ದಿದ್ದನ್ನು ನಾನು ತೆರೆಯಬೇಕು, ನಾನು ತಿದ್ದಿದ್ದನ್ನು ನೀನು ತೆರೆಯಬೇಕು. ಇಬ್ಬರದ್ದೂ ಬೇರೆ ಬೇರೆ ಇದ್ದರೆ ಹೇಗೆ? ಈ ವಯಸ್ಸಿನಲ್ಲಿ ನಾನು ಕಲಿತೆ. ನೀನೂ ಕಲಿ.

ರಜೆಗೆ ಮೊದಲು ತೆಗೆದ ಶಾಲೆಯ ಗುಂಪಿನ ಫೋಟೋಗಳು ಡ್ರೈವಿನಲ್ಲಿವೆ. ಒಲ್ಲೆ ಎಂದರೆ ವಾಪಸ್ ಕಳಿಸು.


ಜೂನ್ 20

ಅತ್ತೆಗೆ,

ಅತ್ತೆ ಎಂದೇ ಬರೆದಿದ್ದೇನೆ. ಬೇರೆ ಏನೆಂದು ಬರೆಯಲಿ ಎಂದು ತುಂಬ ಯೋಚಿಸಿದೆ. ಅಪ್ಪನ ತಂಗಿಯನ್ನೂ ಅತ್ತೆ ಎನ್ನುತ್ತೇವೆ, ಅದಕ್ಕೆ ಯಾವ ಕೋರ್ಟೂ ಅಡ್ಡ ಬರುವುದಿಲ್ಲ.

ಸೋಮವಾರ ಎಲ್ಲ ಮುಗಿಯಿತು. ಸಹಿ ಹಾಕಿದ ಮೇಲೆ ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆವು. "ಅಮ್ಮ ಕೆಲಸಕ್ಕೆ ಕರೆದಿದ್ದಾರಂತೆ" ಎಂದರು. ಹೌದು ಎಂದೆ. "ಕೆಲಸದಲ್ಲಿ ಅಮ್ಮ ಬಲು ಕಿರಿಕಿರಿ" ಎಂದರು. ಗೊತ್ತು ಎಂದೆ. ಇಬ್ಬರಿಗೂ ನಗು ಬಂತು. ಅವರ ಬಸ್ ಬರುವವರೆಗೂ ಇದ್ದೆ. ಲ್ಯಾಬಿಗೆ ಹೋಗಿ ಕೂತರೆ ಕೆಂಪು ಯಾವುದು ಹಸಿರು ಯಾವುದು ಒಂದೂ ತಿಳಿಯಲಿಲ್ಲ. ಒಡೆಯರು ಏನೂ ಕೇಳದೆ ಮನೆಗೆ ಕಳಿಸಿದರು. ಎರಡು ದಿನ ಮಲಗಿದ್ದೆ. ಮೂರನೆಯ ದಿನ ಎದ್ದು ಲ್ಯಾಪ್‌ಟಾಪ್ ತೆರೆದೆ.

ರಾ ಥೆರಪಿ ಹಾಕಿಕೊಂಡಿದ್ದೇನೆ, ನಿಮ್ಮದೇ ವರ್ಷನ್. ನನ್ನನ್ನು ಕೇಳದೆ ನೀವೂ ಬದಲಿಸಬೇಡಿ. ನಿಮ್ಮ ತಿದ್ದುಪಡಿಗಳೆಲ್ಲ ಸರಿಯಾಗಿ ತೆರೆದುಕೊಂಡವು.

ಈಗ ಕೆಲಸದ ಮಾತು. ಸೊಸೆಯಾಗಿದ್ದಷ್ಟು ದಿನ ಇದನ್ನು ನೋಡಿಯೂ ಬಾಯಿ ಬಿಟ್ಟಿರಲಿಲ್ಲ. ನೀವು ಬಿಳಿ ಬಟ್ಟೆಗೆ ಯಾವಾಗಲೂ ಬೆಳಕು ಜಾಸ್ತಿ ಕೊಡುತ್ತೀರಿ. ಈ ಸಲ ಮುಂದಿನ ಸಾಲಿನ ಮಕ್ಕಳ ಅಂಗಿಗಳೆಲ್ಲ ಹಾರಿಹೋಗಿವೆ, ಗುಂಡಿ ಕೂಡ ಕಾಣುವುದಿಲ್ಲ. ಹಾರಿಹೋದ ಬಿಳಿಯನ್ನು ನಿಮ್ಮ ರಾ ಥೆರಪಿಯೂ ತರುವುದಿಲ್ಲ, ನನ್ನ ಡಾರ್ಕ್‌ಟೇಬಲ್ಲೂ ತರುವುದಿಲ್ಲ. ಎರಡನೇ ಶಾಲೆಗೆ ಹೋದಾಗ ಬೆಳಕು ಒಂದು ಸ್ಟಾಪ್ ಕಡಿಮೆ ಕೊಡಿ, ಮುಖಗಳನ್ನು ನಾನು ಎತ್ತಿಕೊಳ್ಳುತ್ತೇನೆ. ಏಳನೇ ತರಗತಿಯ ಫೋಟೋದಲ್ಲಿ ಎಡಗಡೆ ನಿಂತ ಟೀಚರ್ ಕಣ್ಣು ಮುಚ್ಚಿದ್ದಾರೆ. ಅದೇ ಗುಂಪಿನ ಇನ್ನೊಂದು ಫ್ರೇಮ್ ಇದ್ದೇ ಇರುತ್ತದೆ, ಹುಡುಕಿ ಕಳಿಸಿ. ಗುರುವಾರದೊಳಗೆ ಬೇಕು.